ಗೋದಲಿಗೆ ಒಂದು ಹಿಡಿ ರಾಗಿ

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಶುರುವಾಗುವುದು ಡಿಸೆಂಬರ್ 12ಕ್ಕೆ. ಅವತ್ತು ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಬೇಕು. ಇದು ಅಪ್ಪ ಇಟ್ಟುಕೊಂಡಿದ್ದ ಲೆಕ್ಕ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆ ಇಟ್ಟು ತೋರಿಸುವುದು. ಅದರ ಸುತ್ತ ಹಸಿರು ಹುಲ್ಲು ಬೇಕಲ್ವಾ, ಅದಕ್ಕೆ.

ನಾನು ಬೆಳೆದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಲೈನ್ ಮನೆಯಲ್ಲಿ. ಅಕ್ಕಪಕ್ಕ ತಮಿಳಿನವರೇ ಜಾಸ್ತಿ. ಅವರಿಗೆ ಅದು ಕುಡಿಲ್, ನಮಗೆ ಗೋದಲಿ. ಹಳ್ಳಿಯಿಂದ ಬರುತ್ತಿದ್ದ ಅಜ್ಜಿಗೆ ಮಾತ್ರ ಗ್ವಾದಲಿ, ಅಂದರೆ ದನ ಮೇವು ತಿನ್ನುವ ಜಾಗ. ಬಣ್ಣದ ಕಾಗದ ಅಂಟಿಸಿದ್ದ ನಮ್ಮ ಗೋದಲಿ ನೋಡಿ ಅಜ್ಜಿ ಒಂದ್ಸಲ, ‘ಗ್ವಾದಲಿ ಅಂತೀರ, ಒಂದು ಗರಿ ಹುಲ್ಲಿಲ್ಲ, ಆ ಹಸು ಏನು ತಿನ್ನಬೇಕು?’ ಅಂದರು. ಅಪ್ಪ ರಾಗಿ ಬಿತ್ತಲು ಶುರು ಮಾಡಿದ್ದು ಮುಂದಿನ ವರ್ಷದಿಂದ.

ಅಪ್ಪನ ಕೆಲಸ ಗಣಿಯ ಒಳಗೆ. ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿದಿದ್ದ ಗಣಿ ಅದು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಏರ್ ಬ್ಲಾಸ್ಟ್ ಅಂತಿದ್ದೆವು. ಒಂದು ವರ್ಷ ಹಾಗೆ ಅದುರಿದಾಗ ಗೋದಲಿಯ ಜೋಸೆಫರು ಮುಗ್ಗರಿಸಿ ಬಿದ್ದು ಮೂಗು ಮುರಿದುಕೊಂಡರು. ನಾನು ಬೊಂಬೆ ನೋಡಿ ಅಳುತ್ತಿದ್ದೆ. ಅಮ್ಮ ಗೋದಲಿಯ ಕಡೆ ತಿರುಗಿಯೂ ನೋಡಲಿಲ್ಲ, ಬಾಗಿಲಿಗೆ ಓಡಿ ರಸ್ತೆ ನೋಡುತ್ತಾ ನಿಂತುಬಿಟ್ಟರು. ಅಪ್ಪ ಅವತ್ತು ಶಿಫ್ಟ್‌ನಲ್ಲಿದ್ದರು. ಸಂಜೆ ಬಂದರು. ಊಟ ಮಾಡಿ, ಒಂದೊಂದು ಬೊಂಬೆಯ ಕಾಲಿಗೂ ಹಸಿ ಮಣ್ಣಿನ ಉಂಡೆ ಇಟ್ಟು ಒತ್ತಿದರು. ಈಗ ನಾವಿರುವ ಕೋಲಾರದ ಮನೆಯಲ್ಲಿ ಏನೂ ಅದುರುವುದಿಲ್ಲ. ಆದರೂ ನಾನು ಮಣ್ಣಿನ ಉಂಡೆ ಇಡುತ್ತೇನೆ.

2001ರಲ್ಲಿ ಗಣಿ ಮುಚ್ಚಿತು. ನಾವು ಕೋಲಾರಕ್ಕೆ ಬಂದೆವು. ಇಲ್ಲಿಂದ ಅಂತರಗಂಗೆ ಬೆಟ್ಟ ಕಾಣುತ್ತದೆ. ಆಮೇಲೆ ಅಪ್ಪ ಕಟ್ಟಿದ ಗೋದಲಿಗಳ ಗುಹೆಯೆಲ್ಲ ಆ ಬೆಟ್ಟದ ಥರಾನೇ, ಬಂಡೆಯ ಮೇಲೆ ಬಂಡೆ ಸುಮ್ನೆ ಸುರಿದ ಹಾಗೆ. ಬೆತ್ಲೆಹೇಮ್ ಹಾಗಿರುತ್ತದಾ ಅಂತ ಯಾರೂ ಕೇಳಲಿಲ್ಲ.

ಅಪ್ಪ ಹೋದ ಮೇಲೆ ಎರಡು ವರ್ಷ ಗೋದಲಿ ಕಟ್ಟಲಿಲ್ಲ. ಮೂರನೇ ವರ್ಷ ನಾನೇ ಕೂತೆ. ಬೇಗ ಬಿತ್ತಿದರೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ ಅಂದುಕೊಂಡು ಡಿಸೆಂಬರ್ 1ಕ್ಕೇ, ನೆನೆಸದ ರಾಗಿಯನ್ನು ಹಾಗೇ ಮಣ್ಣಿಗೆ ಎರಚಿದೆ. ಅರ್ಧ ಇರುವೆ ಹೊತ್ತುಕೊಂಡು ಹೋಯಿತು. ಉಳಿದದ್ದು ಹಬ್ಬದ ಹೊತ್ತಿಗೆ ಉದ್ದುದ್ದ ಬೆಳೆದು, ಹಳದಿಯಾಗಿ, ಕುರಿಗಳ ಮೇಲೆ ಮಲಗಿತ್ತು. ಅಮ್ಮ ನೋಡಿ, ‘ನಿಮ್ಮಪ್ಪ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು’ ಅಂದರು. ಮೊದಲೇ ಹೇಳಬಾರದಾ?

ಈಗ ಮಾಡುವುದು ಹೀಗೆ. ರಾತ್ರಿ ನೆನೆಸಿದ ರಾಗಿಯನ್ನು ಬೆಳಿಗ್ಗೆ ಸೋಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಡುತ್ತೇನೆ. ನಮ್ಮೂರಿನ ಡಿಸೆಂಬರ್ ಚಳಿಗೆ ಬೇರೆ ಕಡೆ ಇಟ್ಟರೆ ಮೊಳಕೆ ತಡ. ಬಿಳಿ ಮೊಳಕೆ ಇಣುಕಿದ ತಕ್ಷಣ ಬಿತ್ತಬೇಕು. ಹಳೇ ಅಲ್ಯೂಮಿನಿಯಂ ತಟ್ಟೆಗೆ ಮೊಳೆಯಿಂದ ತೂತು ಹೊಡೆದು, ಜರಡಿ ಹಿಡಿದ ಕೆಂಪು ಮಣ್ಣು ಒಂದು ಇಂಚು ಹಾಕುತ್ತೇನೆ. ಕಾಳಿನ ಮೇಲೆ ಕಾಳು ಬೀಳದ ಹಾಗೆ ಹರಡಿ, ಮೇಲೆ ತೆಳ್ಳಗೆ ಮಣ್ಣು. ಎರಡು ದಿನ ಒದ್ದೆ ಗೋಣಿ ಮುಚ್ಚಿ, ಆಮೇಲೆ ಬೆಳಗಿನ ಬಿಸಿಲಿಗೆ. ನೀರನ್ನು ಚೊಂಬಿನಿಂದ ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಒಂದು ವರ್ಷ ನೀರು ಜಾಸ್ತಿಯಾಗಿ ಒಂದು ಮೂಲೆ ಬೂಸ್ಟು ಬಂತು. ಆ ಮೂಲೆಗೆ ಒಂಟೆ ನಿಲ್ಲಿಸಿ ಮರಳುಗಾಡು ಅಂದೆವು. 24ರ ಹೊತ್ತಿಗೆ ಹುಲ್ಲು ಹೆಬ್ಬೆರಳುದ್ದ ಇರುತ್ತದೆ. ಕುರಿಗಳಿಗೆ ಅಷ್ಟೇ ಸಾಕು.

ಬಂಡೆಗೂ ರಾಗಿಯೇ. ಸಿಮೆಂಟ್ ಚೀಲದ ಕಾಗದವನ್ನು ತೆಳು ರಾಗಿ ಗಂಜಿಯಲ್ಲಿ ಅದ್ದಿ, ಇದ್ದಿಲು ಪುಡಿ ಉದುರಿಸಿ, ಮುದುರಿ ಒಣಗಿಸಿದರೆ ಕಲ್ಲೇ. ಅಂಗಡಿಯಲ್ಲಿ ಥರ್ಮೋಕೋಲ್ ಗುಹೆ ಸಿಗುತ್ತದೆ, ನನಗೆ ಹಿಡಿಸುವುದಿಲ್ಲ. ಮಿಣುಕುವ ಸೀರಿಯಲ್ ಸೆಟ್ ಕೂಡ. ಗುಹೆಯ ಹಿಂದೆ ಒಂದೇ ಝೀರೋ ಬಲ್ಬ್, ಅದಕ್ಕೆ ನೀಲಿ ಕಾಗದ.

ಕಲ್‌ಕಲ್ ಸುತ್ತುವುದು, ರೋಸ್ ಕುಕ್ಕಿ ಕರಿಯುವುದು ಅಮ್ಮ ಮತ್ತು ತಂಗಿಯ ಪಾಲು. ನಾನು ಆ ಕಡೆ ಹೋಗುವುದು ತಿನ್ನಲು ಮಾತ್ರ.

ಬಾಲಯೇಸುವಿನ ಬೊಂಬೆ 24ರ ರಾತ್ರಿಯವರೆಗೆ ಅಮ್ಮನ ಬೀರುವಿನಲ್ಲಿ, ಸೀರೆಗಳ ನಡುವೆ ಇರುತ್ತದೆ. ನಡುರಾತ್ರಿ ಪೂಜೆ ಮುಗಿಸಿ ಬಂದು, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಅದನ್ನು ಹುಲ್ಲಿನ ಮೇಲೆ ಮಲಗಿಸಬೇಕು. ಮೊದಲು ನಾನು, ಆಮೇಲೆ ತಂಗಿ, ಈಗ ತಂಗಿಯ ಮಗ. ಅವನು ಹೋದ ವರ್ಷ ಬೊಂಬೆಗೆ ಚಳಿಯಾಗುತ್ತದೆ ಅಂತ ತನ್ನ ಕರ್ಚೀಫ್ ಹೊದಿಸಿದ. ತೆಗೆಯಲು ಯಾರಿಗೂ ಬಿಡಲಿಲ್ಲ. ಬಾಲಯೇಸುವನ್ನು ನೋಡಲು ಬರುವ ಮೂರು ರಾಜರ ಬೊಂಬೆಗಳು ಮಾತ್ರ ಟಿವಿ ಸ್ಟ್ಯಾಂಡ್‌ನಿಂದ ಹೊರಟು, ದಿನಕ್ಕೆ ಒಂದಿಷ್ಟು ದೂರ ನಡೆದು, ಜನವರಿ 6ಕ್ಕೆ ಬಂದು ಸೇರುತ್ತವೆ.

ಅದಾದ ಮರುದಿನ ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಹುಲ್ಲಿನ ತಟ್ಟೆಯನ್ನು ಹಾಲಿನಮ್ಮನ ಹಸುವಿನ ಮುಂದೆ ಇಡುತ್ತೇವೆ. ಎರಡೇ ಬಾಯಿಗೆ ಖಾಲಿ. ಈ ಸಲ ತಟ್ಟೆಯ ಅಂಚನ್ನೂ ಕಚ್ಚಿ ಸೊಟ್ಟ ಮಾಡಿದೆ.