ಕೇಪಿನ ಕೋವಿ: ತುಂಬುವ ಕ್ರಮ, ಹಾರಿಸುವ ಎಚ್ಚರ, ತೊಳೆಯುವ ಶ್ರದ್ಧೆ

ಕಾರ್ಕಳ, ಹೆಬ್ರಿ ಕಡೆಯ ಹಳೆಯ ಕೃಷಿಕರ ಮನೆಗಳಲ್ಲಿ ಇವತ್ತಿಗೂ ಒಂದು ಕೇಪಿನ ಕೋವಿ ಇರುತ್ತದೆ. ಬಾಯಿಯ ಕಡೆಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಸಿಡಿಯುವ ಟೋಪಿಯಿಂದ ಹೊತ್ತಿಸುವ ಕೋವಿ ಅದು. ಅಜ್ಜನ ಕಾಲದ್ದು. ಗದ್ದೆಗೆ ಹಂದಿ ಇಳಿದಾಗ, ತೋಟಕ್ಕೆ ಮಂಗಗಳ ಹಿಂಡು ಬಂದಾಗ ಒಂದು ಈಡು ಹಾರಿಸುತ್ತಾರೆ. ಆಮೇಲೆ ಕೋವಿ ಹಾಗೇ ಮೂಲೆಗೆ ಹೋಗುತ್ತದೆ. ಮುಂದಿನ ಸಲ ತೆಗೆದಾಗ ನಳಿಗೆಯೊಳಗೆ ತುಕ್ಕು ಕೂತಿರುತ್ತದೆ. ಎಷ್ಟೋ ಒಳ್ಳೆಯ ಕೋವಿಗಳು ಹೀಗೆ ಸುಮ್ನೆ ಹಾಳಾಗಿವೆ. ಎಷ್ಟು ಈಡು ಹೊಡೆದರೂ ಈ ಕೋವಿ ಸವೆಯುವುದು ಕಡಿಮೆ. ಹೊಡೆದ ದಿನವೇ ತೊಳೆಯದಿದ್ದರೆ ಮಾತ್ರ ಅದರ ಆಯಸ್ಸು ಬೇಗ ಮುಗಿಯುತ್ತದೆ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಬಳಸುವ ಇಂಥ ಕೋವಿಯ ಪ್ರಸ್ತಾಪ ಪ್ರತ್ಯೇಕವಾಗಿಯೇ ಇದೆ. ಆದರೂ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಅಜ್ಜ ತೀರಿಕೊಂಡ ಮೇಲೆ ಅವರ ಹೆಸರಿನ ಕೋವಿಯನ್ನು ಮೊಮ್ಮಗ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ತನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ಇನ್ನೊಂದು ಮಾತು: ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಬೇಟೆಯ ಪರವಾನಗಿ ಅಲ್ಲ. ನವಿಲು, ಕಾಡುಕೋಣ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹೆಬ್ರಿ ಪಕ್ಕದ ಸೋಮೇಶ್ವರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕೋವಿ ಹಿಡಿದು ಕಾಲಿಡುವುದೂ ಅಪರಾಧ. ಸದ್ದು ಮಾಡಿ ಓಡಿಸುವುದಷ್ಟೇ ನಮ್ಮ ಕೆಲಸ.

ನಮ್ಮಲ್ಲಿರುವ ಕೋವಿಗಳು ಹೆಚ್ಚಾಗಿ ನಯವಾದ ನಳಿಗೆಯವು. ರೈಫಲ್ ಬೇರೆ. ಅದರ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ. ಆ ಗೀರು ಗುಂಡಿಗೆ ತಿರುಗು ಕೊಡುತ್ತದೆ, ಗುಂಡು ನೇರವಾಗಿ ಹೋಗುತ್ತದೆ. 1853ರ ಎನ್‌ಫೀಲ್ಡ್ ಇಂಥದ್ದು. ಅದರ ತೋಟಾಗಳೇ 1857ರಲ್ಲಿ ಸಿಪಾಯಿಗಳ ಸಿಟ್ಟಿಗೆ ಕಿಡಿ ಹೊತ್ತಿಸಿದ್ದು. ಈ ಹಳೆಯ ಬಗೆಯ ಎರಡನ್ನೂ ತುಂಬುವುದು ಬಾಯಿಯ ಕಡೆಯಿಂದಲೇ. ತೊಳೆಯುವ ಕ್ರಮವೂ ಒಂದೇ.

ತುಂಬುವ ಮೊದಲು

ಕೋವಿ ಖಾಲಿ ಇದೆಯಾ ಅಂತ ನೋಡಿ. ಬಾಯಿಗೆ ಕಣ್ಣಿಟ್ಟು ನೋಡುವುದಲ್ಲ, ಗಜ, ಅಂದರೆ ಮದ್ದು ಒತ್ತುವ ಉದ್ದ ಕೋಲನ್ನು ಇಳಿಸಿ ನೋಡುವುದು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ ಚಾಕುವಿನಿಂದ ಒಂದು ಗೀರು ಹಾಕಿಡಿ. ಮದ್ದು, ಗುಂಡು ತುಂಬಿದಾಗ ಎಲ್ಲಿ ನಿಲ್ಲುತ್ತದೋ ಅಲ್ಲಿ ಇನ್ನೊಂದು. ಈ ಎರಡು ಗೀರು ಇರುವ ಗಜ ಸುಳ್ಳು ಹೇಳುವುದಿಲ್ಲ. ನೆನಪನ್ನು ನಂಬಿದವರಿಗೇ ಜಾಸ್ತಿ ಅಪಘಾತ ಆಗಿರುವುದು.

ಆಮೇಲೆ ಒಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎಣ್ಣೆ ಉಳಿದರೆ ಮದ್ದು ಹತ್ತುವುದಿಲ್ಲ. ಈಗ ಖಾಲಿ ಕೋವಿಯ ಹಿಂಬದಿಯ ತೂತಿನ ಮೊಳೆಗೆ, ಅಂದರೆ ನಿಪ್ಪಲ್‌ಗೆ ಒಂದು ಕೇಪು ಇಟ್ಟು, ನಳಿಗೆಯ ಬಾಯನ್ನು ನೆಲದ ಮೇಲಿನ ಒಂದು ಒಣ ಎಲೆಯ ಹತ್ತಿರ ಹಿಡಿದು ಹಾರಿಸಿ. ಎಲೆ ಅಲುಗಿದರೆ ದಾರಿ ಸಲೀಸು. ಅಲುಗದಿದ್ದರೆ ನಿಪ್ಪಲ್‌ನ ತೂತು ಕಟ್ಟಿದೆ ಅಂತ ಅರ್ಥ. ಸಣ್ಣ ತಂತಿ ಹಾಕಿ ಬಿಡಿಸಿ.

ನಳಿಗೆಯಲ್ಲಿ ಉಬ್ಬು, ಬಿರುಕು ಕಂಡರೆ, ಕೇಪಿಗೆ ಬಡಿಯುವ ಕುದುರೆ ಅರ್ಧಕ್ಕೆ ಎಳೆದಾಗ ನಿಲ್ಲದೆ ಜಾರಿದರೆ, ಅವತ್ತಿಗೆ ಕೋವಿ ಕೆಳಗಿಡಿ. ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸದೆ ಮುಟ್ಟಬೇಡಿ.

ತುಂಬುವುದು

ಇದಕ್ಕೆ ಕಪ್ಪು ಮದ್ದು ಮಾತ್ರ. ಹೊಗೆ ಬರದ ಆಧುನಿಕ ಮದ್ದಿನ ಒತ್ತಡವನ್ನು ಈ ನಳಿಗೆ ತಾಳುವುದಿಲ್ಲ, ಸೀಳಿ ಕೈಗೇ ಬರುತ್ತದೆ. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವ ಕೆಲಸ ದಯವಿಟ್ಟು ಯಾರೂ ಮಾಡಬೇಡಿ. ಮದ್ದನ್ನೂ ಕೇಪನ್ನೂ ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ. ನಿಮ್ಮ ಕೋವಿಗೆ ಎಷ್ಟು ಮದ್ದು ಅನ್ನುವುದನ್ನೂ ಅಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಅಂದಾಜು ಬೇಡ.

ಕೋವಿಯನ್ನು ನೆಟ್ಟಗೆ ನಿಲ್ಲಿಸಿ. ಬಾಯಿ ಮುಖದಿಂದ ದೂರ ಇರಲಿ. ಕುದುರೆ ಅರ್ಧಕ್ಕೆ, ಕೇಪು ಇಲ್ಲ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಳಗೆ ಹಿಂದಿನ ಈಡಿನ ಕಿಡಿ ಉಳಿದಿದ್ದರೆ ಇಡೀ ಡಬ್ಬಿಯೇ ಹತ್ತಿಕೊಳ್ಳುತ್ತದೆ. ಅಳತೆಯ ಚಿಕ್ಕ ಕೊಳವೆಗೆ ಮೊದಲು ಸುರಿದು, ಡಬ್ಬಿ ಮುಚ್ಚಿ ದೂರ ಇಟ್ಟು, ಆಮೇಲೆ ನಳಿಗೆಗೆ ಹಾಕಿ.

ರೈಫಲ್ ಆದರೆ ಎಣ್ಣೆ ಸವರಿದ ಹತ್ತಿ ಬಟ್ಟೆಯ ತುಂಡನ್ನು ಬಾಯಿಗಿಟ್ಟು, ಅದರ ಮೇಲೆ ಸೀಸದ ಗುಂಡು. ಆ ಬಟ್ಟೆಯೇ ಗೀರುಗಳನ್ನು ಹಿಡಿದುಕೊಂಡು ಗುಂಡನ್ನು ತಿರುಗಿಸುವುದು. ಪಾಲಿಯೆಸ್ಟರ್ ಬೇಡ, ಅದು ಕರಗಿ ನಳಿಗೆಗೆ ಅಂಟುತ್ತದೆ. ನಯ ನಳಿಗೆಗೆ ಮದ್ದಿನ ಮೇಲೊಂದು ಮುಚ್ಚು (ಅದುಮಿಡುವ ಬಿರಡೆ), ಚರೆ (ಸೀಸದ ಸಣ್ಣ ಗುಂಡುಗಳು), ಮತ್ತೊಂದು ಮುಚ್ಚು. ತೆಂಗಿನ ನಾರನ್ನು ಮುಚ್ಚಾಗಿ ಹಾಕುವವರಿದ್ದಾರೆ. ನಾರು ಹೊಗೆಯಾಡುತ್ತಾ ಹೊರಬೀಳುತ್ತದೆ, ಮಾರ್ಚ್-ಏಪ್ರಿಲ್‌ನ ಒಣ ದರಕಿನ (ಉದುರೆಲೆಯ) ಮೇಲೆ ಬಿದ್ದರೆ ಗುಡ್ಡೆಗೇ ಬೆಂಕಿ. ಬೇಸಿಗೆಯಲ್ಲಿ ಅದನ್ನು ಬಿಡುವುದೇ ಒಳ್ಳೆಯದು.

ಗಜವನ್ನು ನಳಿಗೆಯ ಬಾಯಿಯ ಹತ್ತಿರವೇ ಹಿಡಿದು, ಗೇಣುಗೇಣು ಒತ್ತಿ ಇಳಿಸಿ. ತುದಿ ಹಿಡಿದು ಒಂದೇ ಸಲ ಒತ್ತಿದರೆ ಮರದ ಗಜ ಮುರಿದು ಕೈಗೆ ಚುಚ್ಚುತ್ತದೆ. ಗುಂಡು ಮದ್ದಿನ ಮೇಲೆ ಕೂತಿರಲೇಬೇಕು. ಎರಡನೆಯ ಗೀರು ಬಾಯಿಗೆ ಸರಿಯಾಗಿ ಬಂದಿದೆಯಾ ನೋಡಿ. ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಗಜವನ್ನು ಹೊರಗೆ ತೆಗೆದದ್ದು ಖಾತ್ರಿ ಮಾಡಿಕೊಳ್ಳಿ. ಕೇಪು ಕೊನೆಗೆ. ಹಾರಿಸುವ ಜಾಗದಲ್ಲಿ ನಿಂತು, ಬಾಯಿಯನ್ನು ಗುರಿಯ ಕಡೆ ತಿರುಗಿಸಿದ ಮೇಲೆಯೇ ಇಡಬೇಕು.

ಹಾರಿಸುವುದು

ಗುರಿಯ ಹಿಂದೆ ಮಣ್ಣಿನ ದರೆ (ಎತ್ತರದ ದಿಬ್ಬ) ಇರಬೇಕು. ಕೇಪಿನ ಚೂರು ಪಕ್ಕಕ್ಕೆ ಸಿಡಿಯುತ್ತದೆ, ಹಾಗಾಗಿ ಕಣ್ಣಿಗೆ ಕನ್ನಡಕ ಬೇಕು, ಸದ್ದಿನಿಂದ ಕಿವಿ ಕಾಯಲು ಇಯರ್ ಪ್ಲಗ್ ಬೇಕು. ಪಕ್ಕದಲ್ಲಿ ಯಾರೂ ನಿಲ್ಲುವುದು ಬೇಡ, ಮಕ್ಕಳಂತೂ ಬೇಡವೇ ಬೇಡ.

ಕೇಪು ಹೊಡೆದು ಈಡು ಹಾರದಿದ್ದರೆ ಆ ಕ್ಷಣವೇ ನಿಜವಾದ ಅಪಾಯದ್ದು. ಒಳಗೆ ಮದ್ದು ನಿಧಾನಕ್ಕೆ ಹತ್ತುತ್ತಿರಬಹುದು. ಕೋವಿಯನ್ನು ಅದೇ ಗುರಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಆಮೇಲೆ ನಿಪ್ಪಲ್ ಚುಚ್ಚಿ, ಹೊಸ ಕೇಪು ಇಟ್ಟು ನೋಡಿ. ಇನ್ನೊಂದು ಈಡು ತುಂಬುವುದಿದ್ದರೆ ಒದ್ದೆ ಬಟ್ಟೆ, ಒಣ ಬಟ್ಟೆ ಎರಡನ್ನೂ ಒಮ್ಮೆ ಇಳಿಸಿ ತೆಗೆಯಿರಿ. ತುಂಬಿದ ಕೋವಿಯನ್ನು ಮನೆಯೊಳಗೆ ತರಬಾರದು. ಹಂದಿ ಬರಲಿಲ್ಲವಾ, ದರೆಗೆ ಹಾರಿಸಿ ಖಾಲಿ ಮಾಡಿಯೇ ತನ್ನಿ.

ತೊಳೆಯುವುದು, ಅದೇ ದಿನ

ಕಪ್ಪು ಮದ್ದು ಪೂರ್ತಿ ಉರಿದು ಗಾಳಿಯಾಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆ, ಮಸಿಯಾಗಿ ಉಳಿಯುತ್ತದೆ. ಆ ಮಸಿಯಲ್ಲಿ ಗಾಳಿಯ ತೇವ ಹೀರುವ ಉಪ್ಪುಗಳಿವೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ? ಒಣ ಊರಲ್ಲಿ ಎರಡು ದಿನ ತಡೆಯುವ ನಳಿಗೆ ಇಲ್ಲಿ ಒಂದೇ ರಾತ್ರಿಗೆ ಕೆಂಪಾಗುತ್ತದೆ.

ಬಹಳ ಮಂದಿ ಸೀಮೆಎಣ್ಣೆಯಲ್ಲಿ ಒರೆಸಿ ಬಿಡುತ್ತಾರೆ. ನಳಿಗೆ ಹೊಳೆಯುತ್ತದೆ, ಆದರೆ ಉಪ್ಪು ಅಲ್ಲೇ ಇರುತ್ತದೆ. ಸೀಮೆಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ ಅಲ್ವಾ? ಅದಕ್ಕೆ ನೀರೇ ಬೇಕು, ಅದೂ ಬಿಸಿನೀರು. ಬಚ್ಚಲಿನ ಹಂಡೆಯ ನೀರು ಇದಕ್ಕೆ ಹೇಳಿ ಮಾಡಿಸಿದ್ದು.

ಸಾಧ್ಯವಾದರೆ ನಳಿಗೆಯನ್ನು ಮರದಿಂದ ಬಿಡಿಸಿ. ನಿಪ್ಪಲ್ ಕಳಚಿ ಬೇರೆ ಬಟ್ಟಲಿಗೆ ಹಾಕಿ. ಹಿಂಬದಿಯ ತುದಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗಜದ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಬಾಯಿಯಿಂದ ಇಳಿಸಿ, ಸೈಕಲ್ ಪಂಪಿನ ಹಾಗೆ ಮೇಲೆ ಕೆಳಗೆ ಆಡಿಸಿ. ನಿಪ್ಪಲ್ ಇದ್ದ ತೂತಿನಿಂದ ನೀರು ಒಳಗೆ ಬಂದು ಹೋಗುತ್ತದೆ. ಮೊದಲ ನೀರು ಕಪ್ಪು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದು ಮದ್ದಿನ ಗಂಧಕದ್ದು. ನೀರು ಚೆಲ್ಲಿ ಹೊಸದು ತೆಗೆದುಕೊಳ್ಳಿ. ಬಟ್ಟೆ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಬಿಳಿಗೆ ಬರುವವರೆಗೂ ಬಿಡಬೇಡಿ. ಕೊನೆಯ ನೀರು ಕುದಿಯುವಷ್ಟು ಬಿಸಿ ಇದ್ದರೆ ಒಳ್ಳೆಯದು, ನಳಿಗೆಯನ್ನು ದಪ್ಪ ಬಟ್ಟೆಯಲ್ಲಿ ಹಿಡಿಯಿರಿ. ಕಬ್ಬಿಣ ಕಾದು ಒಳಗಿನ ತೇವ ತಾನಾಗಿ ಆರುತ್ತದೆ.

ಆರಿದ ಮೇಲೆ ಒಣ ಬಟ್ಟೆ, ಆಮೇಲೆ ತೆಳುವಾಗಿ ಹೊಲಿಗೆ ಯಂತ್ರದ ಎಣ್ಣೆ ಅಥವಾ ಕೋವಿ ಎಣ್ಣೆ. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಅಂತ ಹಚ್ಚಿಡುವವರಿದ್ದಾರೆ. ಅದು ದಿನ ಕಳೆದಂತೆ ಕಮಟಿ ಜಿಗುಟಾಗುತ್ತದೆ. ಗುಂಡಿನ ಬಟ್ಟೆಗೆ ಜೇನುಮೇಣದ ಜೊತೆ ಬೆರೆಸಿ ಸವರಲು ಚೆನ್ನ, ಕಾಪಿಡಲು ಬೇಡ. ಮರದ ಭಾಗಕ್ಕೆ ಅಗಸೆ ಎಣ್ಣೆ ಉಜ್ಜಿ. ಮರುದಿನ ಬೆಳಿಗ್ಗೆ ಇನ್ನೊಂದು ಬಿಳಿ ಬಟ್ಟೆ ಇಳಿಸಿ ನೋಡಿ. ಕೆಂಪು ಕಂಡರೆ ಮತ್ತೆ ತೊಳೆಯಬೇಕು.

ಮಳೆಗಾಲ ಮತ್ತು ಠಾಣೆ

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಚಿಟ್ಟ ಬಟ್ಟೆಯೂ ಬೂಸಲು ಹಿಡಿಯುವ ಊರು ನಮ್ಮದು. ರೆಕ್ಸಿನ್ ಚೀಲದಲ್ಲಿ ಕೋವಿ ಇಟ್ಟರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬೀಗ ಇರುವ ಮರದ ಕಪಾಟು ಒಳ್ಳೆಯದು. ಮದ್ದು, ಕೇಪು ಬೇರೆ ಬೇರೆ ಕಡೆ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆಯ ಬಟ್ಟೆ ಇಳಿಸಿ.

ಆಯುಧ ಪೂಜೆಯ ದಿನ ಕೋವಿಗೆ ಗಂಧ, ಕುಂಕುಮ ಹಚ್ಚಿ ಹೂ ಇಡುತ್ತೇವೆ. ಇಡಬೇಕಾದದ್ದೇ. ಆದರೆ ಗಂಧ ತೇಯುವುದು ನೀರಲ್ಲಿ. ಆ ಬೊಟ್ಟು ನಳಿಗೆಯ ಮೇಲೆ ವಾರಗಟ್ಟಲೆ ಉಳಿದರೆ ಅದರ ಅಡಿಯಲ್ಲಿ ಅಷ್ಟೇ ದುಂಡಗಿನ ತುಕ್ಕಿನ ಕಲೆ ಮೂಡುತ್ತದೆ. ಬೊಟ್ಟನ್ನು ಮರದ ಭಾಗಕ್ಕೆ ಇಡಿ, ನಳಿಗೆಗೆ ಇಟ್ಟದ್ದನ್ನು ಸಂಜೆಯೇ ಒರೆಸಿ ಎಣ್ಣೆ ಸವರಿ.

ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿ ಡೆಪಾಸಿಟ್ ಮಾಡಲು ಆದೇಶ ಬರುತ್ತದೆ. ವಾರಗಟ್ಟಲೆ ಅಲ್ಲೇ ಇರುತ್ತದೆ, ಅಲ್ಲಿ ಎಣ್ಣೆ ಹಚ್ಚುವವರು ಯಾರೂ ಇರುವುದಿಲ್ಲ. ಕೊಡುವ ಮೊದಲು ನಳಿಗೆಗೆ ಎಂದಿಗಿಂತ ದಪ್ಪನಾಗಿ ಎಣ್ಣೆ ಹಚ್ಚಿ. ಖಾಲಿ ಇದೆ ಅಂತ ಗಜ ಇಳಿಸಿ ಎದುರಿಗೇ ತೋರಿಸಿ, ನಂಬರ್ ಸರಿಯಾಗಿ ಬರೆದ ರಸೀದಿ ತೆಗೆದುಕೊಳ್ಳಿ. ವಾಪಸ್ ತಂದ ದಿನ ಆ ಹಳೆ ಎಣ್ಣೆ ಒರೆಸಿ, ನಳಿಗೆಯ ಒಳಗೂ ನಿಪ್ಪಲ್‌ನ ಬುಡವನ್ನೂ ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದ ಮೇಲೆಯೇ ಕಪಾಟಿಗೆ ಇಡಿ.