ಕಮ್ಮಿ ದುಡ್ಡಿಗೆ ಒಳ್ಳೆ ಬೇಸ್ ಗಿಟಾರ್ ಬೇಕಾ, ಮೊದ್ಲು ನೆಕ್ ನೋಡಿ

ಬೇಸ್ ಕಲೀಬೇಕು, ಬಜೆಟ್ ಇಪ್ಪತ್ತು-ಮೂವತ್ತು ಸಾವಿರ, ಯಾವ್ದು ತಗೊಳ್ಲಿ ಅಂತ ಯಾರಾದ್ರೂ ಕೇಳಿದ್ರೆ ಎಲ್ರೂ ಒಂದೊಂದು ಮಾಡೆಲ್ ಹೆಸರು ಹೇಳಿ ಕೈ ತೊಳ್ಕೊಂಡ್ಬಿಡ್ತಾರೆ. ಆದ್ರೆ ಈ ರೇಂಜಲ್ಲಿ ವಿಷ್ಯ ಏನಪ್ಪಾ ಅಂದ್ರೆ ಒಂದೇ ಮಾಡೆಲ್ಲು, ಒಂದೇ ಬಣ್ಣ, ಎರಡು ಪೀಸ್ ಪಕ್ಕಪಕ್ಕ ಇಟ್ಟು ನುಡಿಸಿ ನೋಡಿದ್ರೆ ಒಂದು ಆರಾಮಾಗಿ ಕೈಗೆ ಸಿಗತ್ತೆ, ಇನ್ನೊಂದು ಮೂರನೇ ಫ್ರೆಟ್ಟಿಂದಾನೇ (ಫ್ರೆಟ್ ಅಂದ್ರೆ ಎಡಗೈ ಹಿಡಿಯೋ ಉದ್ದನೆ ನೆಕ್ ಮೇಲೆ ಅಡ್ಡ ಕೂರ್ಸಿರೋ ಲೋಹದ ಪಟ್ಟಿ) ಜರ್ ಜರ್ ಅನ್ನತ್ತೆ. ಹಾಗಾಗಿ ಮಾಡೆಲ್ ಹೆಸರು ಆಮೇಲೆ ಹೇಳ್ತೀನಿ, ಮೊದ್ಲು ಕೈಯಲ್ಲಿರೋ ಪೀಸ್ ಹೇಗಿದೆ ಅಂತ ಅಳೆಯೋದು ಹೇಗೆ ಅನ್ನೋದು ಮಾತಾಡೋಣ.

ಇವತ್ತಿನ ಅಗ್ಗದ ಬೇಸ್‌ಗಳು ಹಳೇ ಕಾಲದ ಅಗ್ಗದ ಬೇಸ್‌ಗಳಿಗಿಂತ ಎಷ್ಟೋ ಪಾಲು ಚೆನ್ನಾಗಿರೋಕೆ ಮುಖ್ಯ ಕಾರಣ ಸಿಎನ್‌ಸಿ ಮೆಷಿನ್ನು. ಬಾಡಿ, ನೆಕ್, ನೆಕ್ ಕೂರೋ ಗುಳಿ ಎಲ್ಲಾನೂ ಕಂಪ್ಯೂಟರ್ ಕೊರೆಯತ್ತೆ, ಲಕ್ಷ ರೂಪಾಯಿದಕ್ಕೂ ಅದೇ ಥರ ಮೆಷಿನ್ನು, ಇಪ್ಪತ್ತು ಸಾವಿರದ್ದಕ್ಕೂ ಅದೇ ಥರ ಮೆಷಿನ್ನು. ಇಂಡೋನೇಷ್ಯಾದಲ್ಲಿ ಕಾರ್ಟ್ ಕಂಪನಿದೊಂದು ದೊಡ್ಡ ಫ್ಯಾಕ್ಟರಿ ಇದೆ, ತನ್ನ ಹೆಸರಲ್ಲಿ ಮಾಡೋದಷ್ಟೇ ಅಲ್ದೆ ಬೇರೆ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳಿಗೂ ಅಲ್ಲೇ ಗಿಟಾರ್ ತಯಾರಾಗತ್ತೆ. ಹಾಗಾದ್ರೆ ದುಡ್ಡು ಉಳ್ಸೋದು ಎಲ್ಲಿ? ಮನುಷ್ಯರ ಕೈ ಕೆಲ್ಸ ಬೇಕಾಗೋ ಕಡೆ. ಫ್ರೆಟ್ ತುದಿ ಉಜ್ಜೋದು, ನಟ್‌ನಲ್ಲಿ (ನೆಕ್ಕಿನ ತಲೆ ಕಡೆ ಇರೋ ಸಣ್ಣ ಪಟ್ಟಿ) ತಂತಿ ಕೂರೋ ಸೀಳು ಸರಿಯಾದ ಆಳಕ್ಕೆ ಕೊರೆಯೋದು, ಕೊನೇಲಿ ಕೂತು ನೆಕ್ಕಿನ ಬಾಗು, ತಂತಿ ಎತ್ತರ ಹೊಂದಿಸಿ ಸೆಟಪ್ ಮಾಡೋದು, ಆಮೇಲೆ ಒಳಗಿನ ಪಾಟು (ನಾಬ್ ಕೆಳಗೆ ತಿರುಗೋ ಭಾಗ), ಸ್ವಿಚ್ಚು, ಜ್ಯಾಕು, ಟ್ಯೂನಿಂಗ್ ಕೀ, ಇಂಥವು.

ಈ ಲಿಸ್ಟಲ್ಲಿರೋದು ಬಹುತೇಕ ಎಲ್ಲಾನೂ ಆಮೇಲೆ ಒಂದೆರಡು ಸಾವಿರದಲ್ಲಿ ಸರಿ ಮಾಡ್ಕೋಬೋದು, ಆದ್ರೆ ನೆಕ್ ಹಂಗಲ್ಲ. ನೆಕ್ ತಿರುಚಿದ್ರೆ ಮುಗೀತು, ಅದನ್ನ ಬದಲಾಯಿಸೋ ದುಡ್ಡಲ್ಲಿ ಇನ್ನೊಂದು ಬೇಸೇ ಬರತ್ತೆ. ಸೈಟ್ ಚೆನ್ನಾಗಿದ್ರೆ ಮನೇನ ನಿಧಾನಕ್ಕೆ ಕಟ್ಕೋಬೋದು ಅಂತಾರಲ್ಲ, ಅದೇ ಲೆಕ್ಕ. ನಾನಂತೂ ಅಂಗಡೀಲಿ ಮೊದಲ ಹತ್ತು ನಿಮಿಷ ಆಂಪ್‌ಗೆ (ಸದ್ದು ದೊಡ್ಡದು ಮಾಡೋ ಸ್ಪೀಕರ್ ಡಬ್ಬಿ) ಪ್ಲಗ್ಗೇ ಮಾಡಲ್ಲ, ಸೌಂಡ್ ಕೇಳಿದ ತಕ್ಷಣ ಮನಸ್ಸು ಅಲ್ಲೇ ಸಿಕ್ಕಾಕೊಂಡು ಬೇರೇನೂ ನೋಡೋಕೆ ಬಿಡಲ್ಲ.

ಸರಿ, ನೆಕ್ ನೋಡೋದು ಹೇಗೆ. ಮೊದ್ಲು ಫೋನಲ್ಲಿ ಟ್ಯೂನರ್ ಆ್ಯಪ್ ಹಾಕ್ಕೊಂಡು ದಪ್ಪ ತಂತಿಯಿಂದ ತೆಳ್ಳಗಿನ ತಂತಿ ತನಕ ಇ ಎ ಡಿ ಜಿ ಗೆ ಸರಿಯಾಗಿ ಟ್ಯೂನ್ ಮಾಡಿ, ತಂತಿ ಸಡ್ಲ ಇದ್ದಾಗ ನೆಕ್ ಬೇರೆ ಥರಾನೇ ಇರತ್ತೆ, ಆಗ ನೋಡಿ ಉಪ್ಯೋಗ ಇಲ್ಲ. ಆಮೇಲೆ ಹೆಡ್‌ಸ್ಟಾಕ್, ಅಂದ್ರೆ ಟ್ಯೂನಿಂಗ್ ಕೀ ಇರೋ ತಲೆ ಕಡೆಯಿಂದ ಒಂದು ಕಣ್ಣು ಮುಚ್ಕೊಂಡು ಫ್ರೆಟ್‌ಬೋರ್ಡಿನ ಎರಡೂ ಅಂಚು ಉದ್ದಕ್ಕೆ ನೋಡಿ. ಸ್ವಲ್ಪ ಮುಂದಕ್ಕೆ ಬಾಗಿದ್ರೆ ತೊಂದ್ರೆ ಇಲ್ಲ, ಅದು ಇರಬೇಕು ಕೂಡ. ಎರಡು ಅಂಚು ಎರಡು ಥರ ಬಾಗಿದ್ರೆ ಅದು ತಿರುಚ್ಕೊಂಡಿದೆ ಅಂತ, ಎಷ್ಟೇ ಡಿಸ್ಕೌಂಟ್ ಕೊಟ್ರೂ ಅಲ್ಲೇ ಇಟ್ಟು ಬನ್ನಿ. ಈಗ ಇ ತಂತೀನ ಮೊದಲನೇ ಫ್ರೆಟ್ಟಲ್ಲಿ ಎಡಗೈಲಿ ಒತ್ಕೊಳಿ, ನೆಕ್ಕು ಬಾಡಿಗೆ ಸೇರೋ ಜಾಗದ ಫ್ರೆಟ್ಟಲ್ಲಿ ಬಲಗೈಲಿ ಒತ್ಕೊಳಿ, ಮಧ್ಯದಲ್ಲಿ ಏಳು-ಎಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು, ಅಂದ್ರೆ ಸುಮಾರು 0.3 ಮಿಲಿಮೀಟರ್ ಗ್ಯಾಪ್ ಇದ್ರೆ ಸರಿ ಇದೆ. ತುಂಬಾ ಜಾಸ್ತಿ ಇದ್ರೆ ಅಥವಾ ಗ್ಯಾಪೇ ಇಲ್ದಿದ್ರೆ ಟ್ರಸ್ ರಾಡ್ (ನೆಕ್ ಬಾಗು ಹೊಂದಿಸೋಕೆ ಒಳಗಿರೋ ಲೋಹದ ಸರಳು) ತಿರುಗ್ಸಿ ಸರಿ ಮಾಡ್ಬೋದು, ಅದಕ್ಕೇ ಅಂಗಡಿಯವ್ರಿಗೆ ನಮ್ಮ ಮುಂದೇನೇ ಕಾಲು ಸುತ್ತು ತಿರುಗ್ಸಿ ತೋರ್ಸಿ ಅಂತ ಕೇಳಿ. ರಾಡ್ ಆಗ್ಲೇ ಪೂರ್ತಿ ಟೈಟ್ ಆಗಿ ನಿಂತಿದ್ದು, ಆದ್ರೂ ನೆಕ್ ಬಾಗೇ ಇದೆ ಅಂದ್ರೆ ಬೇಡ.

ಇದಾದ್ಮೇಲೆ ಬೋರಾದ್ರೂ ಪರ್ವಾಗಿಲ್ಲ, ನಾಲ್ಕೂ ತಂತೀಲಿ ಪ್ರತಿ ಫ್ರೆಟ್ಟೂ ಒಂದೊಂದಾಗಿ ಮೀಟಿ, ನೋಟು ಎಷ್ಟು ಹೊತ್ತು ಉಳಿಯತ್ತೆ ಅಂತ ಕೇಳ್ತಾ ಹೋಗಿ. ಜಿ ತಂತೀಲಿ ಐದರಿಂದ ಏಳನೇ ಫ್ರೆಟ್ ನಡುವೆ ಒಂದು ಕಡೆ ನೋಟು ಬೇಗ ಸತ್ತಂಗೆ ಆಗೋದು ಫೆಂಡರ್ (ಅಮೆರಿಕದ ಗಿಟಾರ್ ಕಂಪನಿ) ಶೈಲಿಯ ನೆಕ್‌ಗಳಲ್ಲಿ ಸಾಮಾನ್ಯ, ದುಬಾರಿದ್ರಲ್ಲೂ ಇರತ್ತೆ, ಸ್ವಲ್ಪ ಇದ್ರೆ ತಲೆ ಕೆಡಿಸ್ಕೋಬೇಡಿ. ಆದ್ರೆ ಒಂದೇ ಒಂದು ಫ್ರೆಟ್ಟಲ್ಲಿ ಮಾತ್ರ ಜರ್ ಅಂತಿದ್ರೆ ಅದರ ಮುಂದಿನ ಫ್ರೆಟ್ ಎದ್ದಿರತ್ತೆ, ಎಟಿಎಂ ಕಾರ್ಡಿನ ಅಂಚನ್ನ ಮೂರು ಫ್ರೆಟ್ ಮೇಲೆ ನೆಟ್ಟಗೆ ಇಟ್ಟು ನೋಡಿ, ಮಧ್ಯದ್ದು ಎತ್ತರ ಇದ್ರೆ ಕಾರ್ಡ್ ಆ ಕಡೆ ಈ ಕಡೆ ತೂಗಾಡತ್ತೆ. ಇದು ರಿಪೇರಿ ಆಗೋದೇ, ಆದ್ರೆ ಬೆಲೆ ಇಳ್ಸೋಕೆ ಒಳ್ಳೆ ಕಾರಣ. ಹಾಗೇನೇ ಕೊನೆ ಫ್ರೆಟ್ ಹತ್ರ ಇ ತಂತಿಯಿಂದ ಅಂಚಿಗೆ, ಜಿ ತಂತಿಯಿಂದ ಅಂಚಿಗೆ ದೂರ ಸಮ ಇದ್ಯಾ ನೋಡಿ, ಒಂದು ತಂತಿ ಅಂಚಿಂದ ಜಾರಿ ಬೀಳೋ ಹಂಗಿದ್ರೆ ನೆಕ್ ಸೊಟ್ಟ ಕೂತಿದೆ ಅಂತರ್ಥ.

ಕೈನ ನೆಕ್ಕಿನ ಅಂಚಲ್ಲಿ ಮೇಲಿಂದ ಕೆಳಗೆ ಜಾರಿಸಿ ನೋಡಿದಾಗ ಫ್ರೆಟ್ ತುದಿ ಚುಚ್ಚಿದ್ರೆ ಗಾಬರಿ ಬೇಡ. ಮರ ಒಣಗಿ ಕುಗ್ಗತ್ತೆ, ಲೋಹ ಕುಗ್ಗಲ್ಲ, ಹಾಗಾಗಿ ತುದಿ ಆಚೆ ಬರತ್ತೆ, ಬೆಂಗಳೂರಲ್ಲಿ ಫೆಬ್ರವರಿ-ಮಾರ್ಚಲ್ಲಿ, ಕಲಬುರಗಿ ಕಡೆ ಬೇಸಿಗೆ ಕಾಲ ಪೂರ್ತಿ ಇದು ಕಾಣತ್ತೆ. ಒಂದು ಸಣ್ಣ ಅರ ಹಿಡಿದು ಗೊತ್ತಿರೋರು ಅರ್ಧ ಗಂಟೇಲಿ ಉಜ್ಜಿ ಕೊಡ್ತಾರೆ. ಮಂಗಳೂರು ಉಡುಪಿ ಕಡೆಯವ್ರಿಗೆ ತೊಂದ್ರೆ ಬೇರೆ, ಅಲ್ಲಿ ಉಪ್ಪು ಗಾಳಿ, ತೇವ, ತಂತಿ, ಬ್ರಿಡ್ಜು (ಬಾಡಿ ಮೇಲೆ ತಂತಿ ಕೂರೋ ಲೋಹದ ಭಾಗ), ಸ್ಕ್ರೂ ಎಲ್ಲಾ ತುಕ್ಕು ಹಿಡಿಯತ್ತೆ, ಸೆಕೆಂಡ್‌ಹ್ಯಾಂಡ್ ತಗೊಳೋದಾದ್ರೆ ಬ್ರಿಡ್ಜಿನ ಸ್ಯಾಡಲ್ (ಒಂದೊಂದು ತಂತಿ ಕೂರೋ ತುಂಡು) ಸ್ಕ್ರೂಗಳು ತಿರುಗ್ತವಾ ಅಂತ ಮೊದ್ಲೇ ನೋಡ್ಕೊಳಿ.

ಇಷ್ಟಾದ್ಮೇಲೆ ಬೇಕಾದ್ರೆ ಪ್ಲಗ್ ಮಾಡಿ. ನಾಬ್ ತಿರುಗಿಸ್ದಾಗ ಕರಕರ ಅಂದ್ರೆ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಹೆಚ್ಚಿನ ಸಲ ಹೋಗತ್ತೆ, ಹೋಗ್ಲಿಲ್ಲ ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹೊಸ ಪಾಟ್ ತಂದು ಬೆಸುಗೆ ಹಾಕಿದ್ರೆ ಆಯ್ತು, ಪ್ಯಾಸಿವ್ (ಬ್ಯಾಟರಿ ಇಲ್ಲದ) ಬೇಸ್‌ಗೆ 250ಕೆ ಪಾಟ್ ಕೇಳಿ. ಹಮ್, ಅಂದ್ರೆ ಗುಂಯ್ ಅನ್ನೋ ಸದ್ದಿನ ವಿಷ್ಯದಲ್ಲಿ ಬಹಳ ಜನ ಒಳ್ಳೆ ಬೇಸ್‌ನ ಸುಮ್ನೆ ಬಿಟ್ಟು ಬರ್ತಾರೆ. ಫೆಂಡರ್‌ನ ಜಾಝ್ ಬೇಸ್ ಅನ್ನೋ ಮಾಡೆಲಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಅಂದ್ರೆ ತಂತಿ ಕಂಪನ ಹಿಡಿಯೋ ಭಾಗ ಇರತ್ತೆ, ಎರಡೂ ವಾಲ್ಯೂಮ್ ಫುಲ್ ಇಟ್ರೆ ಒಂದರ ಹಮ್ ಇನ್ನೊಂದು ಹೊಡೆದಾಕತ್ತೆ, ಒಂದನ್ನ ಇಳಿಸಿದ್ರೆ ಹಮ್ ಬರತ್ತೆ, ಅದು ಡಿಸೈನೇ ಹಂಗೆ, ರಿಪೇರಿ ಅಲ್ಲ. ಫೆಂಡರ್‌ದೇ ಇನ್ನೊಂದು ಮಾಡೆಲ್ ಪ್ರಿಸಿಷನ್ ಬೇಸಿನ ಎರಡು ತುಂಡಾದ ಪಿಕಪ್ಪಲ್ಲಿ ಈ ಕಾಟ ಇಲ್ಲ, 1957ರಿಂದ ಅದು ಹಾಗೇ ಬರ್ತಿದೆ. ತಂತಿ ಮುಟ್ಟಿದಾಗ ಹಮ್ ಕಮ್ಮಿ ಆದ್ರೆ ಅದೂ ಮಾಮೂಲಿ. ಬೆರಳಿಗೆ ಜುಮ್ ಅಂತ ಕರೆಂಟ್ ಹೊಡೆದಂಗಾದ್ರೆ ಮಾತ್ರ ತಕ್ಷಣ ಆಫ್ ಮಾಡಿ, ಅಲ್ಲಿನ ಅರ್ಥಿಂಗ್ ಅಥವಾ ಆಂಪ್ ಸರಿ ಇಲ್ಲ ಅಂತ.

ಸ್ಟ್ರ್ಯಾಪ್ ಹಾಕ್ಕೊಂಡು ಎದ್ದು ನಿಂತು ಕೈ ಬಿಡಿ. ತಲೆ ಕಡೆ ಕೆಳಕ್ಕೆ ವಾಲಿದ್ರೆ ಗಂಟೆಗಟ್ಟಲೆ ನುಡ್ಸೋವಾಗ ಎಡಗೈ ನೆಕ್‌ನ ಹೊತ್ಕೊಂಡೇ ಇರ್ಬೇಕಾಗತ್ತೆ, ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ರಾತ್ರಿ ಪೂರ್ತಿ ನಿಂತು ನುಡಿಸೋರನ್ನ ಕೇಳಿ, ಅವ್ರು ಪಿಕಪ್ ಬಗ್ಗೆ ಮಾತಾಡಲ್ಲ, ಭುಜ ನೋವಿನ ಬಗ್ಗೆ ಮಾತಾಡ್ತಾರೆ. ಅಗಲವಾದ ಸ್ಟ್ರ್ಯಾಪ್ ಸ್ವಲ್ಪ ಸಹಾಯ ಮಾಡತ್ತೆ ಅಷ್ಟೇ.

ಈಗ ಹೆಸರುಗಳು. ಕಣ್ಣು ಮುಚ್ಕೊಂಡು ಒಂದು ಹೇಳು ಅಂದ್ರೆ ನಾನು ಯಮಹಾ ಟಿಆರ್‌ಬಿಎಕ್ಸ್ 174 ಅಂತೀನಿ. ಒಂದು ಪಿ (ಪ್ರಿಸಿಷನ್ ಥರದ್ದು) ಪಿಕಪ್ಪು, ಒಂದು ಜೆ (ಜಾಝ್ ಥರದ್ದು) ಪಿಕಪ್ಪು, ಬ್ಯಾಟರಿ ಇಲ್ಲ, 24 ಫ್ರೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಪೀಸಿಂದ ಪೀಸಿಗೆ ವ್ಯತ್ಯಾಸ ಕಮ್ಮಿ, ಆನ್‌ಲೈನಲ್ಲಿ ನೋಡದೇ ತರ್ಸೋ ಊರಲ್ಲಿದ್ರೆ ಇದು ಬಹಳ ದೊಡ್ಡ ವಿಷ್ಯ. ಇದರದ್ದೇ ಇಡಬ್ಲ್ಯೂ ಅಂತ ಒಂದು ಬರತ್ತೆ, ಮೇಲೆ ಮಾವಿನ ಮರದ ಪದರ, ನೋಡೋಕೆ ಚಂದ, ಅದಕ್ಕೆ ಹಾಕೋ ಹೆಚ್ಚಿನ ದುಡ್ಡಲ್ಲಿ ಒಂದು ಸೆಟ್ ತಂತಿ ತಗೊಳಿ ಅಂತ ನನ್ನ ಸಲಹೆ. ಕೈ ಚಿಕ್ಕದು, ತೆಳ್ಳಗಿನ ನೆಕ್ ಬೇಕು ಅನ್ನೋರಿಗೆ ಐಬನೇಜ್ ಜಿಎಸ್‌ಆರ್ 200, ಹಗುರ ಇದೆ, ವೇಗವಾಗಿ ಕೈ ಓಡತ್ತೆ, ಒಂದು ಬೇಸ್ ಬೂಸ್ಟ್ ನಾಬ್ ಇದೆ, ಅದನ್ನ ಫುಲ್ ತಿರುಗ್ಸಿ ಖುಷಿ ಪಟ್ಟು ಆಮೇಲೆ ಸೊನ್ನೆಗೆ ತಂದು ಇಡಿ. ಫೆಂಡರ್ ಆಕಾರಾನೇ ಬೇಕು ಅಂದ್ರೆ ಸ್ಕ್ವೈರ್ ಅಫಿನಿಟಿ, ಸ್ಕ್ವೈರ್ ಅಂದ್ರೆ ಫೆಂಡರ್ ಕಂಪನಿದೇ ಕಮ್ಮಿ ರೇಟಿನ ಬ್ರ್ಯಾಂಡು, ಅದರಲ್ಲಿ ಜಾಝ್ ಬೇಸಿನ ನಟ್ ಅಗಲ 38 ಮಿಲಿಮೀಟರ್ ಆಸುಪಾಸು, ಪ್ರಿಸಿಷನ್ ಸ್ವಲ್ಪ ದಪ್ಪ, ಎರಡನ್ನೂ ಹಿಡ್ಕೊಂಡು ನೋಡಿ ತೀರ್ಮಾನ ಮಾಡಿ. ಇವುಗಳಲ್ಲಿ ಸೆಟಪ್ ಮಾತ್ರ ಒಂದೊಂದು ಪೀಸ್ ಒಂದೊಂದು ಥರ, ಹಾಗಾಗಿ ಅಂಗಡಿಗೆ ಹೋಗೇ ತಗೊಳಿ. ಕಾರ್ಟ್ ಆ್ಯಕ್ಷನ್ ಸೀರೀಸ್ ಬಗ್ಗೆ ಜನ ಮಾತಾಡೋದು ಕಮ್ಮಿ, ಹೆಡ್‌ಸ್ಟಾಕ್ ಮೇಲಿನ ಹೆಸರಿಗೆ ದುಡ್ಡು ಕೊಡಲ್ಲ ಅನ್ನೋ ಜಾತಿ ನೀವಾಗಿದ್ರೆ ಅದನ್ನ ಖಂಡಿತ ನೋಡಿ. ಸ್ವಲ್ಪ ಜಾಸ್ತಿ ಹಾಕೋಕೆ ಆಗತ್ತೆ ಅಂದ್ರೆ ಯಮಹಾ ಬಿಬಿ 234, ಸೈರ್ ವಿ3. ಮಕ್ಕಳಿಗೆ ಆದ್ರೆ 34 ಇಂಚಿನ ಪೂರ್ತಿ ಸ್ಕೇಲ್ (ನಟ್‌ನಿಂದ ಬ್ರಿಡ್ಜ್ ತನಕ ತಂತಿ ಉದ್ದ) ಕಷ್ಟ, ಐಬನೇಜ್ ಮೈಕ್ರೋ 28.6 ಇಂಚು, ಸ್ಕ್ವೈರ್ ಬ್ರಾಂಕೊ 30 ಇಂಚು, ದೊಡ್ಡೋರು ನುಡಿಸಿದ್ರೂ ನಗೋ ಹಾಗೇನಿಲ್ಲ.

ಐದು ತಂತಿದು ಬೇಕಾ ಅಂತ ಕೇಳ್ಬೇಡಿ, ಈ ಬಜೆಟಲ್ಲಿ ಬೇಡ. ಐದನೇದಾಗಿ ಸೇರೋ ದಪ್ಪ ಬಿ ತಂತಿ ಸುಮಾರು 31 ಹರ್ಟ್ಝ್, ಅಗ್ಗದ 34 ಇಂಚಿನ ನೆಕ್ಕಲ್ಲಿ ಅದು ಹೆಚ್ಚಾಗಿ ಸಡ್ಲ ಸಡ್ಲ ಅನ್ಸತ್ತೆ, ಚರ್ಚಲ್ಲೋ ಬ್ಯಾಂಡಲ್ಲೋ ನಿಜಕ್ಕೂ ಬೇಕೇ ಬೇಕು ಅನ್ನೋರ ಕಥೆ ಬೇರೆ. ಆ್ಯಕ್ಟಿವ್ ಸರ್ಕಿಟ್ಟೂ (ಬ್ಯಾಟರಿ ಹಾಕಿ ಒಳಗೇ ಪ್ರಿಆಂಪ್ ಇರೋದು) ಅಷ್ಟೇ, ಅಗ್ಗದ ಪ್ರಿಆಂಪಲ್ಲಿ ಸ್ಸ್ಸ್ ಅನ್ನೋ ಸದ್ದು ಬರೋದೇ ಜಾಸ್ತಿ. ಇದ್ರೆ ಒಂದು ನೆನಪಿಟ್ಕೊಳಿ, ನುಡ್ಸಿ ಆದ್ಮೇಲೆ ಕೇಬಲ್ ಎಳೆದಿಡಿ, ಜ್ಯಾಕಲ್ಲಿ ಕೇಬಲ್ ಇದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖಾಲಿ ಆಗ್ತಾನೇ ಇರತ್ತೆ.

ನಿಜವಾದ ಲಾಭ ಇರೋದು ಸೆಕೆಂಡ್‌ಹ್ಯಾಂಡಲ್ಲಿ. ಬೇಸ್ ತಗೊಂಡು ಎರಡು ತಿಂಗಳಲ್ಲಿ ಬಿಟ್ಟು ಕಪಾಟಿನ ಪಕ್ಕ ನಿಲ್ಲಿಸಿರೋ ಜನ ಬೆಂಗಳೂರಲ್ಲಿ ಎಷ್ಟಿದಾರೆ ಅಂದ್ರೆ, ಕೆಲ್ಸ ಬದ್ಲಾಯ್ಸಿ ಊರು ಬಿಡೋವಾಗ ಫ್ರಿಜ್ಜು, ಮಂಚದ ಜೊತೆ ಅದನ್ನೂ ಓಎಲ್‌ಎಕ್ಸಲ್ಲಿ ಹಾಕ್ತಾರೆ. ಹೊಸದಕ್ಕೆ ಬಜೆಟ್ ಸಾಲದ ಸ್ಕ್ವೈರ್ ಕ್ಲಾಸಿಕ್ ವೈಬ್, ಯಮಹಾ ಟಿಆರ್‌ಬಿಎಕ್ಸ್ 304 ಇಂಥವು ಅಲ್ಲಿ ಸಿಗ್ತವೆ, ಸ್ವಲ್ಪ ತಾಳ್ಮೆ ಬೇಕು. ತಿಂಗಳ ಕೊನೇಲಿ ನೋಡಿ, ಮನೆ ಖಾಲಿ ಮಾಡೋರಿಗೆ ಅರ್ಜೆಂಟ್ ಇರತ್ತೆ. ಹೋಗೋವಾಗ ಒಂದು ಕೇಬಲ್, ಒಂದು ಸಣ್ಣ ಹೆಡ್‌ಫೋನ್ ಆಂಪ್ ಜೇಬಲ್ಲಿ ಇಟ್ಕೊಂಡು ಹೋಗಿ, ಆಂಪ್ ಇಲ್ಲ ಸಾರ್ ಆದ್ರೆ ಚೆನ್ನಾಗಿ ಕೆಲ್ಸ ಮಾಡತ್ತೆ ಅನ್ನೋ ಮಾತು ನಂಬ್ಬೇಡಿ. ಹೆಡ್‌ಸ್ಟಾಕ್ ಮೇಲೆ ಫೆಂಡರ್ ಅಂತಿದ್ದು ರೇಟು ಹದಿನೈದು ಸಾವಿರ ಅಂದ್ರೆ ಸ್ಟಿಕ್ಕರ್ ಇರೋ ಚಾನ್ಸೇ ಹೆಚ್ಚು. ಸ್ಟಿಕ್ಕರ್ ಇದ್ರೂ ನೆಕ್ ಚೆನ್ನಾಗಿದ್ರೆ ಸ್ಟಿಕ್ಕರ್ ಬೇಸಿನ ರೇಟಿಗೆ ತಗೋಬೋದು, ಅದು ನಿಮಗೆ ಬಿಟ್ಟಿದ್ದು.

ತಗೊಂಡ್ಮೇಲೆ ಪಿಕಪ್ ಬದಲಾಯಿಸೋ ಆಸೆ ಬರತ್ತೆ, ಆರು ತಿಂಗಳು ತಡ್ಕೊಳಿ. ಮೊದಲ ಖರ್ಚು ಸೆಟಪ್ಪು, ಎರಡನೇದು ತಂತಿ. ಫ್ಯಾಕ್ಟರಿಯಿಂದ ಹಡಗಲ್ಲಿ ಬಂದು ಗೋಡೌನಲ್ಲಿ ಕೂತು ಬಂದಿರೋ ತಂತೀಲಿ ಯಾವ ಬೇಸೂ ಚೆನ್ನಾಗಿ ಕೇಳ್ಸಲ್ಲ. 45ರಿಂದ 105 ಅಥವಾ 45ರಿಂದ 100 ಗೇಜಿನ (ತಂತಿ ದಪ್ಪದ ಅಳತೆ) ಒಂದು ನಿಕಲ್ ಸೆಟ್ ಹಾಕಿ. ಹಳೇ ಹಾಡಿನ ಮೆತ್ತನೆ ಧಿಮ್ ಧಿಮ್ ಬೇಕು ಅಂದ್ರೆ ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾಗಿರೋ ತಂತಿ) ಹಾಕಿ, ರೇಟ್ ಜಾಸ್ತಿ ಆದ್ರೆ ವರ್ಷಗಟ್ಟಲೆ ಬರತ್ತೆ, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸಿಸ್ಟ್ ಜೇಮ್ಸ್ ಜೇಮರ್ಸನ್ ತಂತಿ ಕಿತ್ತೋಗೋ ತನಕ ಬದಲಾಯಿಸ್ತಾನೇ ಇರ್ಲಿಲ್ಲ ಅನ್ನೋದು ಬೇಸಿಸ್ಟ್‌ಗಳ ಲೋಕದಲ್ಲಿ ಎಲ್ರಿಗೂ ಗೊತ್ತಿರೋ ವಿಷ್ಯ. ಸೆಟಪ್ ಮನೇಲೇ ಮಾಡ್ಕೋತೀನಿ ಅಂದ್ರೆ ಕ್ರಮ ತಪ್ಪಿಸ್ಬೇಡಿ: ಮೊದ್ಲು ಟ್ರಸ್ ರಾಡ್, ಆಮೇಲೆ ಸ್ಯಾಡಲ್ ಎತ್ತರ, ಕೊನೇಲಿ ಇಂಟೋನೇಷನ್ (ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿ ಬರೋ ಹಾಗೆ ಹೊಂದಿಸೋದು). 17ನೇ ಫ್ರೆಟ್ ಮೇಲೆ ಇ ತಂತಿ 2.4, ಜಿ ತಂತಿ 2 ಮಿಲಿಮೀಟರ್ ಆಸುಪಾಸಲ್ಲಿ ಶುರು ಮಾಡಿ. ಹನ್ನೆರಡನೇ ಫ್ರೆಟ್ ಒತ್ತಿದ ನೋಟು ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿ ಒತ್ತದೆ ಸುಮ್ನೆ ಮುಟ್ಟಿ ಮೀಟಿದಾಗ ಬರೋ ಸ್ವರ) ಶಾರ್ಪ್, ಅಂದ್ರೆ ಏರು ತೋರ್ಸಿದ್ರೆ ಸ್ಯಾಡಲ್‌ನ ಹಿಂದಕ್ಕೆ ಎಳೀರಿ, ಫ್ಲಾಟ್, ಅಂದ್ರೆ ಇಳಿ ತೋರ್ಸಿದ್ರೆ ಮುಂದಕ್ಕೆ. ಟ್ಯೂನ್ ಮಾಡೋವಾಗ ನಟ್ ಹತ್ರ ಟಿಣ್ ಅಂತ ಸದ್ದು ಬಂದ್ರೆ ತಂತಿ ಸೀಳಲ್ಲಿ ಸಿಕ್ಕಾಕೊಳ್ತಿದೆ, ಪೆನ್ಸಿಲ್ ಸೀಸ ಉಜ್ಜಿ.

ಆಂಪ್ ಬಗ್ಗೆ ಒಂದು ಮಾತು. ಇ ತಂತಿ 41 ಹರ್ಟ್ಝ್, ಫೋನ್ ಸ್ಪೀಕರಿಗೆ ಅಲ್ಲಿ ತನಕ ಇಳಿಯೋಕೇ ಆಗಲ್ಲ, ಇಳಯರಾಜ ಹಾಡುಗಳಲ್ಲಿ ಬೇಸ್ ಏನು ಮಾಡ್ತಿದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗೋದೇ ಹೆಡ್‌ಫೋನ್ ಹಾಕ್ದಾಗ. ಮನೇಲಿ ಕಲಿಯೋಕೆ ಸಣ್ಣ ಆಂಪಿಗಿಂತ ಹೆಡ್‌ಫೋನ್ ಆಂಪೇ ಒಳ್ಳೇದು, ಪಕ್ಕದ ಮನೆಯವ್ರೂ ಖುಷಿಯಾಗಿರ್ತಾರೆ. ಸ್ನೇಹಿತರ ಗಿಟಾರ್ ಆಂಪ್ ಇದ್ರೆ ಕಮ್ಮಿ ವಾಲ್ಯೂಮಲ್ಲಿ ಬಳಸ್ಬೋದು, ಜೋರು ಮಾಡಿದ್ರೆ ಸ್ಪೀಕರ್ ಹರಿಯತ್ತೆ. ಬೇಸು ಆಂಪು ಬ್ಯಾಗು ಎಲ್ಲಾ ಸೇರಿ ಒಂದೇ ಡಬ್ಬೀಲಿ ಬರೋ ಕಾಂಬೋ ನಾನಂತೂ ಹೇಳಲ್ಲ, ಅದ್ರಲ್ಲಿ ಆಂಪಿಗೆ ಹೋಗೋ ದುಡ್ಡು ಬೇಸಿಂದ ಕಿತ್ಕೊಂಡಿರೋದೇ. ಇಪ್ಪತ್ತೈದು ಸಾವಿರ ಇದ್ರೆ ಹದಿನೆಂಟು ಸಾವಿರ ಬೇಸ್ ಗಿಟಾರ್‌ಗೆ ಅಂತ ಇಟ್ಕೊಂಡು ಸೆಕೆಂಡ್‌ಹ್ಯಾಂಡ್ ಹುಡುಕಿ, ಮೂರೂವರೆ ನಾಲ್ಕು ತಂತಿ ಮತ್ತೆ ಸೆಟಪ್ಪಿಗೆ, ಉಳಿದಿದ್ದು ಹೆಡ್‌ಫೋನ್ ಆಂಪು, ಕೇಬಲ್ಲು, ಅಗಲದ ಸ್ಟ್ರ್ಯಾಪಿಗೆ.