ಪೈನ್ ತೊಗಟೆಯಲ್ಲಿ ನಾನೇ ಕೆತ್ತಿದ ರಪಾಲ

ಹೆಲ್ಸಿಂಕಿಯಲ್ಲಿ ಹಳೇ ಸಾಮಾನು ಮಾರೋ ಸಂತೆಗೆ ಹೋಗಿದ್ದಾಗ ತುಕ್ಕು ಹಿಡಿದ ಗಾಳ, ಸಿಕ್ಕು ಬಿದ್ದ ದಾರ ತುಂಬಿದ್ದ ಒಂದು ಬಿಸ್ಕೆಟ್ ಡಬ್ಬದ ತಳದಲ್ಲಿ ರಪಾಲ ಅನ್ನೋ ಫಿನ್‌ಲೆಂಡ್ ಕಂಪನಿಯ ಹಳೇ ಲ್ಯೂರ್ ಸಿಕ್ತು. ಲ್ಯೂರ್ ಅಂದ್ರೆ ಎರೆಹುಳದ ಬದಲು ಗಾಳಕ್ಕೆ ಕಟ್ಟೋ ಹುಸಿ ಮೀನು. 9 ಸೆಂಟಿಮೀಟರ್ ಉದ್ದ, ಕಪ್ಪು ಬೆನ್ನು, ಬೆಳ್ಳಿ ಬಣ್ಣ ಅಲ್ಲಲ್ಲಿ ಕಿತ್ತೋಗಿ ಒಳಗಿನ ಮರ ಕಾಣ್ತಿತ್ತು, ಪಕ್ಕೆಯಲ್ಲಿ ಸೂಜಿ ಚುಚ್ಚಿದ ಹಾಗೆ ಸಾಲಾಗಿ ಪೈಕ್ ಮೀನಿನ ಹಲ್ಲಿನ ಗುರುತು. ಕೈಯಲ್ಲಿಟ್ಕೊಂಡ್ರೆ ತೂಕಾನೇ ಇಲ್ಲ. ಚಿಕ್ಕಂದಿನಲ್ಲಿ ಊರಿನ ನಾಲೆಗೆ ಗಾಳ ಹಾಕುವಾಗ ಜೋಳದ ದಂಟಿನ ಬೆಂಡು ಕಟ್ತಿದ್ವಲ್ಲ, ಅದು ನೆನಪಾಯ್ತು. ಇಂಥದ್ದೊಂದನ್ನ ನಾನೇ ಕೆತ್ತಬೇಕು ಅಂತ ಅಲ್ಲೇ ಅನ್ನಿಸ್ತು.

ಇಂಥ ಲ್ಯೂರನ್ನ ಮೊದಲು ಮಾಡಿದ ಲೌರಿ ರಪಾಲ 1905ರಲ್ಲಿ ಹುಟ್ಟಿದವರು, ಪೈಯಾನ್ನೆ ಅನ್ನೋ ದೊಡ್ಡ ಸರೋವರದಲ್ಲಿ ಮೀನು ಹಿಡಿದೇ ಹೊಟ್ಟೆ ಹೊರೀತಿದ್ದ ಬಡವರು. ರಪಾಲ ಅನ್ನೋದು ಅವರ ಮನೆತನದ ಹೆಸರೇ ಅಲ್ವಂತೆ, ತಾಯಿ ಜೊತೆ ಬೇರೆ ಊರಿಗೆ ಬಂದಾಗ ಚರ್ಚಿನ ಪಾದ್ರಿಗೆ ಇವರ ಹೆಸರು ನೆನಪಾಗದೆ, ಬಂದ ಹಳ್ಳಿ ಹೆಸರನ್ನೇ ಬರೆದುಬಿಟ್ರು ಅಂತಾರೆ. ಫಿನ್ನಿಶ್‌ನಲ್ಲಿ ರಪ ಅಂದ್ರೆ ಕೆಸರು. ದೋಣಿಯಲ್ಲಿ ಕೂತು ಅವರು ನೀರನ್ನ ಗಮನಿಸ್ತಾ ಇದ್ರು, ಸಣ್ಣ ಮೀನಿನ ಹಿಂಡಿಗೆ ದೊಡ್ಡ ಮೀನು ನುಗ್ಗಿದಾಗ ಚೆನ್ನಾಗಿ ಈಜೋದನ್ನೆಲ್ಲ ಬಿಟ್ಟು, ಯಾವುದು ಗಾಯ ಆಗಿ ಓಲಾಡ್ತಾ ಹೋಗ್ತಿರುತ್ತೋ ಅದಕ್ಕೇ ಬಾಯಿ ಹಾಕುತ್ತೆ ಅನ್ನೋದು ಅವರ ಕಣ್ಣಿಗೆ ಬಿತ್ತು. ಆ ಓಲಾಟಾನೇ ರಪಾಲದ ಜೀವ. 1936ರಲ್ಲಿ ಕಾರ್ಕ್ ತುಂಡನ್ನ ಚಪ್ಪಲಿ ಹೊಲಿಯೋರ ಚಾಕುವಿನಲ್ಲಿ ಕೆತ್ತಿ, ಮರಳು ಕಾಗದದಲ್ಲಿ ಉಜ್ಜಿ, ಚಾಕೊಲೇಟ್‌ಗೆ ಸುತ್ತಿ ಬರೋ ಹಾಳೆ ಅಂಟಿಸಿ, ಮೇಲೆ ಫೋಟೋ ನೆಗೆಟಿವ್ ಕರಗಿಸಿ ಬಳಿದ್ರು. ಕೈಗೆ ಸಿಕ್ಕಿದ್ರಲ್ಲೇ ಮಾಡಿದ್ದು, ನಂಗೆ ತುಂಬ ಇಷ್ಟ ಆಗೋದು ಇದೇ.

ಮೊದಮೊದಲು ಅವರು ಪೈನ್ ಮರದ ತೊಗಟೆಯಲ್ಲೂ ಕೆತ್ತುತ್ತಿದ್ರು, ಹಾಗಾಗಿ ನಾನೂ ಕಾಡಲ್ಲಿ ಬಿದ್ದಿದ್ದ ಮರದಿಂದ ದಪ್ಪ ತೊಗಟೆ ತಂದೆ. ಚಾಕು ಬೆಣ್ಣೆಗೆ ಹೋದಂಗೆ ಹೋಗುತ್ತೆ, ಆದ್ರೆ ಪದರ ಪದರವಾಗಿ ಇರೋದ್ರಿಂದ ಸ್ವಲ್ಪ ಜೋರಾಗಿ ಒತ್ತಿದ್ರೂ ಬಾಲದ ಕಡೆ ಪುಡಿಪುಡಿ. ಎರಡು ಹಾಳಾದ್ಮೇಲೆ ಮೂರನೇದು ನಿಂತ್ಕೊಳ್ತು. ಹೊಟ್ಟೆ ಉದ್ದಕ್ಕೂ ಗರಗಸದ ಬ್ಲೇಡಲ್ಲಿ ಸೀಳಿ ಒಳಗೆ ಸ್ಟೀಲ್ ತಂತಿ ಕೂರಿಸ್ದೆ, ಮೂತಿಯಿಂದ ಬಾಲದ ತನಕ ಒಂದೇ ತಂತಿ, ಇಲ್ಲಾಂದ್ರೆ ದೊಡ್ಡ ಮೀನು ಎಳೆದಾಗ ಗಾಳ ಕಿತ್ಕೊಂಡು ಹೋಗುತ್ತೆ. ಹೊಟ್ಟೆ ಒಳಗೆ ಸೀಸದ ಎರಡು ಗುಂಡು, ಗಲ್ಲದ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್‌ನ ತುಟಿ. ಎಳೆದಾಗ ಲ್ಯೂರನ್ನ ಕೆಳಗಿಳಿಸೋದು, ಓಲಾಡಿಸೋದು ಆ ತುಟಿಯೇ. ಚಾಕೊಲೇಟ್ ಹಾಳೆಯನ್ನ ಚಮಚದ ಬೆನ್ನಲ್ಲಿ ತಿಕ್ಕಿ ತಿಕ್ಕಿ ಸುಕ್ಕಿಲ್ಲದಂಗೆ ಕೂರಿಸೋಕೆ ಒಂದು ಇಡೀ ಸಂಜೆ ಹೋಯ್ತು. ನೆಗೆಟಿವ್ ಬದಲು ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ದೆ, ಹಳೇ ಕಾಲದ ಎಷ್ಟೋ ಫಿಲ್ಮ್‌ಗಳಲ್ಲಿದ್ದ ನೈಟ್ರೋಸೆಲ್ಯುಲೋಸ್ ಅನ್ನೋ ರಾಸಾಯನಿಕ ಇದ್ರಲ್ಲೂ ಇರುತ್ತೆ. ಒಂದೇ ಕೋಟ್ ಹಾಕಿದ್ದಕ್ಕೆ ನೀರು ಒಳಗೋಗಿ ಹಾಳೆ ಉಬ್ಬಿ ಬಂತು, ಬಿಚ್ಚಿ ಒಣಗಿಸಿ ಹೊಸ ಹಾಳೆ ಅಂಟಿಸಿ ಐದು ಕೋಟ್ ಹಾಕ್ದೆ.

ಟೆಸ್ಟ್ ಮಾಡಿದ್ದು ಮನೆಯ ಬಾತ್‌ಟಬ್‌ನಲ್ಲಿ. ಹೆಲ್ಸಿಂಕಿಯ ನಲ್ಲಿಗಳಿಗೆ ನೀರು ಬರೋದೇ ಪೈಯಾನ್ನೆಯಿಂದ, ಬಂಡೆ ಕೊರೆದು ಮಾಡಿದ ಸುಮಾರು 120 ಕಿಲೋಮೀಟರ್ ಸುರಂಗದಲ್ಲಿ. ಲೌರಿ ಮೀನು ನೋಡ್ತಾ ಕೂತಿದ್ದ ಸರೋವರದ ನೀರಲ್ಲೇ ನನ್ನ ಲ್ಯೂರ್ ಈಜ್ತಿದೆ ಅನ್ನೋದು ಹೊಳೆದಾಗ ಮೈ ಜುಮ್ ಅಂತು. ಈಜಿದ್ದೇನೋ ಹೌದು, ಆದ್ರೆ ಪೂರ್ತಿ ಬಲಗಡೆಗೆ ವಾಲ್ಕೊಂಡು ಹೋಗ್ತಿತ್ತು. ಬಲಕ್ಕೆ ಹೋದ್ರೆ ದಾರ ಕಟ್ಟೋ ಮೂತಿಯ ಉಂಗುರವನ್ನ ಎಡಕ್ಕೆ ಬಗ್ಗಿಸಬೇಕು, ಎಡಕ್ಕೆ ಹೋದ್ರೆ ಬಲಕ್ಕೆ, ಅದೂ ಕೂದಲೆಳೆಯಷ್ಟು. ಇಕ್ಕಳದಲ್ಲಿ ಬಗ್ಗಿಸ್ತಾ ಎಳೀತಾ ಎಳೀತಾ ಒಂದು ಸಲ ಇದ್ದಕ್ಕಿದ್ದ ಹಾಗೆ ನೆಟ್ಟಗೆ ಬಂತು, ಹೊಟ್ಟೆ ಬೆಳ್ಳಿ ಆ ಕಡೆ ಈ ಕಡೆ ಮಿಂಚ್ತಾ, ಏಟು ತಿಂದ ಮೀನಿನ ಹಾಗೇ. ರಪಾಲದವರು ಒಂದೊಂದು ಲ್ಯೂರನ್ನೂ ತೊಟ್ಟಿಯಲ್ಲಿ ಎಳೆದು ಕೈಯಿಂದಲೇ ಸರಿ ಮಾಡಿ ಕಳಿಸ್ತಾರೆ ಅನ್ನೋದರ ಬೆಲೆ ಆವತ್ತು ಗೊತ್ತಾಯ್ತು.

ಮಿನಿಯಾಪೊಲಿಸ್‌ನ ರಾನ್ ವೆಬರ್, ರೇ ಆಸ್ಟ್ರಮ್ ಈ ಲ್ಯೂರ್‌ಗಳನ್ನ ಅಮೆರಿಕಕ್ಕೆ ತರಿಸೋಕೆ ಶುರುಮಾಡಿದ್ಮೇಲೆ, 1962ರ ಆಗಸ್ಟ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಇದರ ಲೇಖನ ಬಂತು, ಆ ಸಂಚಿಕೆಯ ಮುಖಪುಟದಲ್ಲಿ ಇದ್ದಿದ್ದು ಅದೇ ತಿಂಗಳು ತೀರಿಕೊಂಡ ಹಾಲಿವುಡ್ ನಟಿ ಮರ್ಲಿನ್ ಮನ್ರೋ. ಜನ ಆ ಸಂಚಿಕೆಗೆ ಮುಗಿಬಿದ್ರು, ಆರ್ಡರ್‌ಗಳ ಮಳೆ ಸುರೀತು. ಲೌರಿ 1974ರಲ್ಲಿ ಹೋದ್ರು.

ಬೇಸಿಗೆ ಬಂದ್ಮೇಲೆ ರಪಾಲ ಕಂಪನಿಯ ಊರಾದ, ಪೈಯಾನ್ನೆ ದಡದ ವಾಕ್ಸುಗೆ ಹೋದೆ. ಇಲ್ಲಿ ಗಾಳಕ್ಕೆ ಎರೆಹುಳ ಸಿಕ್ಕಿಸಿ ಕೂರೋಕೆ ದುಡ್ಡು ಕಟ್ಟಬೇಕಿಲ್ಲ, ಲ್ಯೂರ್ ಎಸೀಬೇಕಂದ್ರೆ ಸರ್ಕಾರದ ಫೀಸ್ ಇದೆ, ಕಟ್ಟಿದ್ದೆ. ದಡದ ಜೊಂಡಿನ ಪಕ್ಕ ನಿಧಾನಕ್ಕೆ ಎಳೀತಿದ್ದಾಗ ಕೈಗೆ ಟಕ್ ಅಂತ ಬಡೀತು, ಅಂಗೈಯಷ್ಟುದ್ದದ ಪರ್ಚ್ ಮೀನು, ಹಸಿರು ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ. ಬಿಟ್ಟುಬಿಟ್ಟೆ. ಇನ್ನೂ ಎರಡು ಸಿಕ್ಕವು, ಆಮೇಲೆ ಲ್ಯೂರ್ ಕಲ್ಲಿಗೆ ಬಡಿದು ಬಾಲದ ತೊಗಟೆ ಮುರಿದು ತಂತಿ ಆಚೆ ಬಂತು. ರಪಾಲದವರು ತೊಗಟೆ ಬಿಟ್ಟು ಬಾಲ್ಸಾ ಮರಕ್ಕೆ ಯಾಕೆ ಹೋಗಿರಬಹುದು ಅಂತ ಅದನ್ನ ನೋಡಿದ್ರೆ ಸಾಕು. ನನ್ನ ಟೇಬಲ್ ಮೇಲೂ ಈಗ ಬಾಲ್ಸಾ ತುಂಡಿದೆ, ತೊಗಟೆಗಿಂತ ಹಗುರ, ಇದಕ್ಕೆ ಎರಡರ ಬದಲು ಮೂರು ಗುಂಡು ಹಾಕಿ ನೋಡ್ತೀನಿ.